ಸೊಪ್ಪಿನ ಗುರುತು ಸಾಲದು

ಚನ್ನಗಿರಿಯ ಅಡಿಕೆ, ಹೊನ್ನಾಳಿ–ನ್ಯಾಮತಿಯ ಭತ್ತ, ಜಗಳೂರಿನ ಮೆಕ್ಕೆಜೋಳ, ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಹೋಗುವ ಕಬ್ಬು: ದಾವಣಗೆರೆ ಜಿಲ್ಲೆಯ ಸುಗ್ಗಿ ಸಾಗುವುದು ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರ್ ಮೇಲೆಯೇ. ಸೂರಗೊಂಡನಕೊಪ್ಪದ ಸೇವಾಲಾಲ್ ಜಯಂತಿಗೋ, ಕೊಡದಗುಡ್ಡದ ವೀರಭದ್ರಸ್ವಾಮಿ ತೇರಿಗೋ ಹೊರಟ ಮನೆಮಂದಿಗೂ ಹಲವೆಡೆ ಅದೇ ಗಾಡಿ. ಹುಲ್ಲು ಹಾಸಿ ತಾಡಪಾಲು ಕಟ್ಟಿದರೆ ಪ್ರಯಾಣಕ್ಕೆ ಸಿದ್ಧ. ಸರಕಿನ ಟ್ರೇಲರ್‌ನಲ್ಲಿ ಜನ ಕೂರಿಸಲು ಕಾನೂನಿನ ಒಪ್ಪಿಗೆಯಿಲ್ಲ. ಆದರೂ ಬಸ್ಸು ಅಪರೂಪವಾದ ಊರುಗಳಲ್ಲಿ ಈ ರೂಢಿ ನಿಂತಿಲ್ಲ.

ನಡುದಾರಿಯಲ್ಲಿ ಟ್ರೇಲರ್ ಕೆಟ್ಟಾಗ ಇಲ್ಲಿನ ಚಾಲಕರು ತೋರುವ ಕೈಚಳಕ ನಿಜಕ್ಕೂ ದೊಡ್ಡದು. ಗ್ರೀಸ್ ಒಣಗಿ ಬೇರಿಂಗ್ ಕಾದಿದೆಯೇ ಎಂಬುದನ್ನು ಹಬ್‌ನ ಬಿಸಿಯಿಂದ, ಸುಟ್ಟ ವಾಸನೆಯಿಂದಲೇ ಹೇಳಬಲ್ಲರು. ಮಳೆಗೆ ಮೆತ್ತಗಾದ ಎರೆ ನೆಲದಲ್ಲಿ ಜಾಕ್ ಹೂತುಹೋಗದಂತೆ ಅಡಿಗೆ ದಪ್ಪ ಹಲಗೆ ಇಡುತ್ತಾರೆ. ಎರಡು ಗಾಲಿಯ ಟ್ರೇಲರ್‌ನಲ್ಲಿ ಹಿಂಭಾರ ಹೆಚ್ಚಿದ್ದರೆ, ಕೊಂಡಿಯ ಪಿನ್ ಎಳೆದ ಕೂಡಲೇ ಮೂಕಿ ಮೇಲಕ್ಕೆ ಚಿಮ್ಮುತ್ತದೆ. ಎದೆಗೆ ಬಡಿದರೆ ಜೀವಕ್ಕೇ ಕುತ್ತು. ಅನುಭವಸ್ಥರು ಗಾಲಿಗೆ ಕಲ್ಲು ಕೊಟ್ಟು, ಭಾರ ನೋಡಿಕೊಂಡು, ಆಮೇಲಷ್ಟೇ ಪಿನ್ ಮುಟ್ಟುತ್ತಾರೆ. ದಾರಿಯಲ್ಲಿ ಬಂದವರು ಗಾಡಿ ನಿಲ್ಲಿಸಿ ಜಾಕ್ ಕೊಡುತ್ತಾರೆ, ಚೀಲ ಇಳಿಸಲು ಹೆಗಲು ಕೊಡುತ್ತಾರೆ. ಹೆದ್ದಾರಿಯ 1033 ಸಹಾಯವಾಣಿ ಇರುವುದು ರಾಷ್ಟ್ರೀಯ ಹೆದ್ದಾರಿಗಷ್ಟೇ. ಹಳ್ಳಿಯ ಒಳದಾರಿಯಲ್ಲಿ ಮೊದಲು ಒದಗುವವರು ಈ ಜನರೇ.

ತಪ್ಪುತ್ತಿರುವುದು ಕೆಲಸದ ಸರದಿ.

ಗಾಡಿ ನಿಂತ ತಕ್ಷಣ ಎಲ್ಲರೂ ಗಾಲಿಯ ಹತ್ತಿರ ಸೇರುತ್ತಾರೆ, ಹಿಂದಿನಿಂದ ಬರುವವರನ್ನು ಎಚ್ಚರಿಸುವ ಕೆಲಸ ಕೊನೆಗೆ ಉಳಿಯುತ್ತದೆ. ಆಗಲೂ ಹತ್ತು ಹೆಜ್ಜೆ ಹಿಂದೆ ಒಂದು ಹಸಿರು ಕೊಂಬೆ, ನಾಲ್ಕು ಕಲ್ಲು. ಗಂಟೆಗೆ 60 ಕಿ.ಮೀ. ವೇಗದ ಬೈಕು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಕತ್ತಲಲ್ಲಿ ಆ ಕೊಂಬೆ ಕಂಡು ಬ್ರೇಕ್ ಒತ್ತುವಷ್ಟರಲ್ಲಿ ಸವಾರ ಟ್ರೇಲರ್‌ಗೇ ಬಂದಿರುತ್ತಾನೆ. ಎದುರಿನ ಲಾರಿಯ ದೀಪ ಕಣ್ಣಿಗೆ ಹೊಡೆದರಂತೂ, ಆಚೆ ಈಚೆ ಚಾಚಿದ ಕಬ್ಬಿನ ಹೊರೆ ಕಾಣುವುದೇ ಇಲ್ಲ. ಕೆಂಪು ಪ್ರತಿಫಲಕ ಪಟ್ಟಿ ಇದ್ದರೂ ಅದನ್ನು ಹೊಲದ ಕೆಸರು, ಕಬ್ಬಿನ ರವದಿ ಮುಚ್ಚಿರುತ್ತದೆ.

ರಿಪೇರಿ ಮುಗಿಸಿ ಹೊರಟವರು ಗಾಲಿಗೆ ಕೊಟ್ಟ ಕಲ್ಲನ್ನು ಡಾಂಬರಿನ ಮೇಲೇ ಬಿಟ್ಟುಹೋಗುವುದು ಇದಕ್ಕಿಂತ ಕೆಟ್ಟದ್ದು. ಅದಕ್ಕೆ ಬಡತನದ, ಅನಿವಾರ್ಯತೆಯ ಯಾವ ಕಾರಣವೂ ಇಲ್ಲ. ಅಪಾಯ ಆಗುವಂತೆ ವಾಹನ ನಿಲ್ಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ ನ್ಯಾಮತಿ ದಾರಿಯಲ್ಲಿ ಆ ಕಲಂ ನೆನಪಿಸುವವರು ಯಾರು?

ನೆನಪಿಸಬಲ್ಲ ಜಾಗಗಳಿವೆ. ಮಾಲು ಹೊತ್ತ ಟ್ರೇಲರ್ ಕಾರ್ಖಾನೆಯ ತೂಕದ ಮನೆಗೆ, ಎಪಿಎಂಸಿ ಗೇಟಿಗೆ ಬಂದೇ ಬರುತ್ತದೆ. ಚೀಟಿ ಬರೆಯುವ ಮೊದಲು ಹಿಂಬದಿಯ ಪಟ್ಟಿ ಒರೆಸಿಸುವುದು, ಟೂಲ್ ಬಾಕ್ಸ್‌ನಲ್ಲಿ ಎಚ್ಚರಿಕೆಯ ತ್ರಿಕೋನ, ಬ್ಯಾಟರಿ, ಗಾಲಿಗೆ ಕೊಡಲು ಹಗ್ಗ ಕಟ್ಟಿದ ಮರದ ದಿಮ್ಮಿ ಇವೆಯೇ ಎಂದು ನೋಡುವುದು ಅಲ್ಲಿಯೇ ಆಗಬೇಕು, ಹಂಗಾಮು ಶುರುವಾದ ಮೊದಲ ವಾರದಿಂದಲೇ.