ಕಣಜದ ಲೆಕ್ಕ ಮತ್ತು ಕಣಿವೆಯ ತ್ಯಾಗ

ಮನುಷ್ಯವಸತಿಯ ಏಳುಬೀಳುಗಳನ್ನು ಗಣಕಯಂತ್ರದಲ್ಲಿ ಮರುನಿರ್ಮಿಸುವ ಯತ್ನಗಳಲ್ಲಿ 'ಆರ್ಟಿಫಿಷಿಯಲ್ ಅನಸಾಜಿ' ಎಂಬ ಪ್ರತಿರೂಪವು ಬಹುಚರ್ಚಿತವಾದುದು. ಅಮೆರಿಕದ ಈಶಾನ್ಯ ಆರಿಜೋನಾದ ಲಾಂಗ್ ಹೌಸ್ ಕಣಿವೆಯಲ್ಲಿ ಬಾಳಿ, ಕ್ರಿ.ಶ. ಸುಮಾರು 1300ರಲ್ಲಿ ಅದನ್ನು ತೊರೆದ ಪುಯೆಬ್ಲೋ ಪೂರ್ವಜರು ಇದರ ವಸ್ತು. ರಾಬರ್ಟ್ ಆಕ್ಸ್‌ಟೆಲ್, ಜೋಶುವಾ ಎಪ್‌ಸ್ಟೀನ್, ಜೆಫ್ರಿ ಡೀನ್, ಜಾರ್ಜ್ ಗುಮರ್‌ಮನ್ ಮೊದಲಾದವರು ಇದರ ಫಲಿತಗಳನ್ನು 2002ರಲ್ಲಿ ವಿಸ್ತಾರವಾಗಿ ಪ್ರಕಟಿಸಿದರು.

ಇಲ್ಲಿನ ಘಟಕ ವ್ಯಕ್ತಿಯಲ್ಲ, ಕುಟುಂಬ. ತಲೆಗೆ ವರ್ಷಕ್ಕೆ 160 ಕಿಲೋಗ್ರಾಂ ಮೆಕ್ಕೆಜೋಳದಂತೆ ಐವರ ಕುಟುಂಬಕ್ಕೆ 800 ಕಿಲೋಗ್ರಾಂ ಬೇಕು. ಮರದ ವಾರ್ಷಿಕ ಉಂಗುರ, ಮೆಕ್ಕಲು ಮಣ್ಣು, ಪರಾಗಗಳ ಸಾಕ್ಷ್ಯದಿಂದ ಆಯಾ ವರ್ಷದ ಇಳುವರಿಯನ್ನು ಊಹಿಸಲಾಗಿದೆ. ಕಣಜ ಬರಿದಾಗುವಂತಿದ್ದರೆ ಕುಟುಂಬವು ಬೇರೆ ಹೊಲವನ್ನು ಅರಸುತ್ತದೆ. ದೊರೆಯದಿದ್ದರೆ ಕಣಿವೆಯಿಂದಲೇ ಮರೆಯಾಗುತ್ತದೆ. ಯಾರ ಅಪ್ಪಣೆಯೂ ಇಲ್ಲದೆ, ಇಂಥ ಸಣ್ಣ ನಿರ್ಧಾರಗಳ ಮೊತ್ತದಿಂದಲೇ ಊರುಗಳು ಕೂಡುತ್ತವೆ, ಚದುರುತ್ತವೆ. ಹೀಗೆ ಮೂಡಿದ ಜನಸಂಖ್ಯೆಯ ರೇಖೆಯು ಉತ್ಖನನ ಮತ್ತು ಕ್ಷೇತ್ರಶೋಧಗಳು ಕೊಟ್ಟ ಅಂದಾಜಿನ ಸಮೀಪಕ್ಕೆ ಬರುವುದೆಂಬುದು ಕರ್ತೃಗಳ ವಾದ.

ಈ ಹೊಂದಾಣಿಕೆಯೇ ಪ್ರಮಾಣವೆ? ಗ್ರಂಥಸಂಪಾದನೆಯ ಅಭ್ಯಾಸವುಳ್ಳ ನಾವು ಇಲ್ಲಿ ತಡೆಯಬೇಕಾಗುತ್ತದೆ. ಪರಿಷ್ಕೃತ ಪಾಠವು ಹಸ್ತಪ್ರತಿಗೆ ಹೊಂದಿದ ಮಾತ್ರಕ್ಕೆ, ಪರಿಷ್ಕರಣದ ಮಾರ್ಗ ಸರಿಯಾಯಿತೆನ್ನಲಾಗದು, ಹೊಂದುವಂತೆಯೇ ತಿದ್ದಿರಬಹುದು. ಮಾರ್ಕೊ ಯಾನ್ಸೆನ್ 2009ರಲ್ಲಿ ಪ್ರತಿರೂಪವನ್ನು ಮತ್ತೆ ಕಟ್ಟಿ ತೋರಿಸಿದುದೂ ಇಂಥದನ್ನೇ: ಯಶಸ್ಸು ಮುಖ್ಯವಾಗಿ ಕಣಿವೆಯ ಧಾರಣಶಕ್ತಿಯನ್ನು ಹೊಂದಿಸುವ ಎರಡು ಅಳತೆಗಳನ್ನು ಆಶ್ರಯಿಸಿದೆ, ಕುಟುಂಬಗಳ ನಡವಳಿಕೆಯ ಕೊಡುಗೆ ಅಲ್ಪ. ಎಂದರೆ, ಸಮಾಜದ ಚಿತ್ರವೆಂದು ನಾವು ಓದಿದುದು ಬಹುಪಾಲು ಹೊಲದ ಚಿತ್ರ.

ಆದರೂ ಈ ಕೃತಿಯನ್ನು ತಳ್ಳಿಹಾಕುವುದು ಉಚಿತವಲ್ಲ. ಅದರ ನಿಜವಾದ ಮಹತ್ವವು ಅದು ಸೋಲುವಲ್ಲಿದೆ. 1300ರ ಬಳಿಕವೂ ಕಡಿಮೆ ಸಂಖ್ಯೆಯ ಜನರನ್ನು ಆ ನೆಲ ಸಾಕಬಲ್ಲುದಾಗಿತ್ತು ಎಂದು ಪ್ರತಿರೂಪ ಹೇಳುತ್ತದೆ. ಇತಿಹಾಸದಲ್ಲಿ ಒಬ್ಬರೂ ಉಳಿಯಲಿಲ್ಲ. ಬರಗಾಲವು ಎಲ್ಲಿಯವರೆಗೆ ಕಾರಣ, ಎಲ್ಲಿಂದಾಚೆಗೆ ಅಲ್ಲ ಎಂಬ ಗಡಿಯನ್ನು ಅದು ಇಷ್ಟು ಸ್ಪಷ್ಟವಾಗಿ ಗುರುತಿಸಿದೆ. ಉಳಿಯಬಹುದಾಗಿದ್ದವರೂ ಹೊರಟುದೇಕೆ ಎಂಬ ಪ್ರಶ್ನೆಗೆ ಬಂಧುತ್ವ, ಆಚರಣೆ, ಭಯ, ಬೇರೆಡೆಯ ಆಕರ್ಷಣೆಗಳಲ್ಲಿ ಉತ್ತರ ಹುಡುಕಬೇಕು. ಇವಾವುವೂ ಕಿಲೋಗ್ರಾಂಗಳಲ್ಲಿ ದಾಖಲಾಗಿಲ್ಲ.

ಆ ಪೂರ್ವಜರ ವಂಶಜರೆಂದು ತಮ್ಮನ್ನು ಕರೆದುಕೊಳ್ಳುವ ಹೋಪಿ ಜನರ ಮೌಖಿಕ ಪರಂಪರೆಯು ಕುಲಗಳ ವಲಸೆಯನ್ನು ಇಂದಿಗೂ ಸ್ಮರಿಸುತ್ತದೆ. 'ಅನಸಾಜಿ' ಎಂಬುದಾದರೋ ನವಾಹೋ ಭಾಷೆಯಿಂದ ಬಂದ, ಅವರಲ್ಲಿ ಅನೇಕರು ಒಪ್ಪದ ಹೆಸರು. ಗಣಕವು ನಿಲ್ಲುವಲ್ಲಿಂದ ಆ ಪರಂಪರೆಯ ವ್ಯಾಸಂಗ ಆರಂಭವಾಗಬೇಕೆಂಬುದು, ಮತ್ತು ಅಂಥ ವ್ಯಾಸಂಗಕ್ಕೆ ಸಾಹಿತ್ಯದ ಸಂಶೋಧಕರೂ ಹೊರಗಿನವರಲ್ಲವೆಂಬುದು ನಮ್ಮ ಅಭಿಪ್ರಾಯ.