ದಪ್ಪ ಕೇಳುವ ಮೊದಲು ವ್ಯಾಸ ಕೇಳಿ

ಪಾಲಿಹೌಸ್ ಹಾಕಿಸಲು ಹೊರಟವರು ಫ್ಯಾಬ್ರಿಕೇಟರ್ ಎದುರು ಕೂತು ಕೇಳುವ ಮೊದಲ ಪ್ರಶ್ನೆ, ‘ಪೈಪು ಎಷ್ಟು ದಪ್ಪ?’ ಎರಡನೆಯದು, ‘ಕೆಜಿಗೆ ಎಷ್ಟು?’ ಆಕಾರದ ಮಾತು ಎತ್ತುವವರೇ ಇಲ್ಲ. ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ಕಡೆ ದುಂಡು ಜಿಐ (ಸತು ಲೇಪಿತ) ಪೈಪು ವಾಡಿಕೆ. ಗೇಟು, ಶೆಡ್ಡು ಮಾಡಿ ಪಳಗಿದ ವೆಲ್ಡರ್ ಸಿಕ್ಕರೆ ಚೌಕ ಪೈಪನ್ನೇ ಹಾಕೋಣ ಸಾರ್ ಎನ್ನುತ್ತಾನೆ. ಬೋಲ್ಟು ಕೂರಿಸಲು ಅವನಿಗೆ ಅದೇ ಸಲೀಸು.

ಮೊದಲು ದಪ್ಪದ ಭ್ರಮೆ ಬಿಡಿಸೋಣ. ಹೊರ ವ್ಯಾಸ 48 ಮಿಮೀ, ಗೋಡೆ 2 ಮಿಮೀ ಇರುವ ದುಂಡು ಪೈಪು ತೆಗೆದುಕೊಳ್ಳಿ. ಗೋಡೆಯನ್ನು 3 ಮಿಮೀಗೆ ಏರಿಸಿದರೆ ಉಕ್ಕು ಶೇ 47ರಷ್ಟು ಹೆಚ್ಚು ಬೇಕು, ಬಿಗುವು, ಅಂದರೆ ಬಾಗದೆ ನಿಲ್ಲುವ ಗುಣ, ಹೆಚ್ಚುವುದು ಶೇ 41 ಮಾತ್ರ. ಗೋಡೆ 2 ಮಿಮೀಯೇ ಇರಲಿ, ವ್ಯಾಸವನ್ನು 60ಕ್ಕೆ ಒಯ್ಯಿರಿ: ಉಕ್ಕು ಹೆಚ್ಚುವುದು ಶೇ 26, ಬಿಗುವು ಸರಿಯಾಗಿ ಇಮ್ಮಡಿ. ಬಾಗುವಾಗ ನಡುವಿನ ಉಕ್ಕು ಹೆಚ್ಚೇನೂ ದುಡಿಯುವುದಿಲ್ಲ, ದುಡಿಯುವುದೆಲ್ಲ ಅಂಚಿನದು. ಅಂಚು ನಡುವಿನಿಂದ ದೂರ ಸರಿದಷ್ಟೂ ಲಾಭ. ಹಕ್ಕಿಯ ಮೂಳೆ, ಜೊಂಡು ಟೊಳ್ಳಾಗಿದ್ದೂ ಗಟ್ಟಿ ಏಕೆ ಎಂದು ಗೆಲಿಲಿಯೊ 1638ರಲ್ಲೇ ಇದನ್ನು ಬರೆದಿಟ್ಟಿದ್ದ. ಆದರೂ ಅಂಗಡಿಯಲ್ಲಿ ತಕ್ಕಡಿಯದೇ ಮಾತು. ಹಾಗೆಂದು ಗೋಡೆಯನ್ನು ತೀರ ತೆಳು ಮಾಡುವಂತಿಲ್ಲ. ಕಮಾನು ಬಗ್ಗಿಸುವಾಗಲೇ ಒಳಬದಿಗೆ ಸುಕ್ಕು ಬೀಳುತ್ತದೆ, ಮುಂದೆ ಗಾಳಿಗೆ ಮಡಿಯುವುದೂ ಅಲ್ಲೇ. 60ರ ಪೈಪಿಗೆ 2 ಮಿಮೀಗಿಂತ ಕೆಳಗೆ ನಾನಂತೂ ಇಳಿಯೆ.

ಇನ್ನು ಆಕಾರ. ಅದೇ 60ರ ಪೈಪಿನಷ್ಟೇ ಉಕ್ಕಿನಲ್ಲಿ 60×35 ಮಿಮೀ ಆಯತದ ಪೈಪು ಮಾಡಿ ನಿಲುವಾಗಿಟ್ಟರೆ ಬಿಗುವು ಸುಮಾರು ಶೇ 15 ಏರುತ್ತದೆ. ಅಡ್ಡಕ್ಕೆ ತಿರುಗಿಸಿದರೆ ದುಂಡಿನ ಅರ್ಧಕ್ಕೆ ಇಳಿಯುತ್ತದೆ, ಶಾಲೆಯ ಅಡಿಕೋಲಿನ ಹಾಗೆ. ಹಿಮ ಬೀಳುವ ಯುರೋಪಿನಲ್ಲಿ ಭಾರ ಮೇಲಿನಿಂದ ಕೆಳಕ್ಕೆ. ಅಲ್ಲಿನ ಕೆಲವು ತಯಾರಕರು ಕಮಾನಿಗೆ ಮೊಟ್ಟೆಯಾಕಾರದ ಪೈಪು ಬಳಸುವುದರಲ್ಲಿ ಅರ್ಥವಿದೆ.

ನಮ್ಮ ಶತ್ರು ಹಿಮವಲ್ಲ, ಏಪ್ರಿಲ್-ಮೇ ತಿಂಗಳ ಗಾಳಿಮಳೆ. ಭಾರತೀಯ ಮಾನಕ ಐಎಸ್ 875 ಬೆಂಗಳೂರಿಗೆ ಗೊತ್ತುಮಾಡಿದ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್. ಆ ವೇಗಕ್ಕೆ ಚದರ ಮೀಟರಿಗೆ ಸುಮಾರು 66 ಕೆಜಿ ಒತ್ತಡ. ಗಾಳಿ ಒಂದು ಪಕ್ಕದಿಂದ ತಳ್ಳುತ್ತದೆ, ಚಾವಣಿಯನ್ನು ಮೇಲಕ್ಕೆ ಎಳೆಯುತ್ತದೆ, ದಿಕ್ಕು ಬದಲಿಸಿ ಸಾಲಿನ ಉದ್ದಕ್ಕೂ ನೂಕುತ್ತದೆ. ಎಲ್ಲ ದಿಕ್ಕಿಗೂ ಸಮನಾಗಿ ನಿಲ್ಲುವುದು ದುಂಡು ಪೈಪು. ಕಂಬದ ವಿಷಯದಲ್ಲಂತೂ ತಕರಾರಿಲ್ಲ, ಏಕೆಂದರೆ ಕಂಬ ಬಳುಕುವುದು ತನ್ನ ದುರ್ಬಲ ಮಗ್ಗುಲಿಗೆ. ದುಂಡಿಗೆ ಅಂಥ ಮಗ್ಗುಲೇ ಇಲ್ಲ. ಕಮಾನಿಗೆ ಆಯತ ಬೇಕೇಬೇಕು ಎನ್ನುವವರು ಪರ್ಲಿನ್ನು (ಕಮಾನುಗಳನ್ನು ಉದ್ದಕ್ಕೂ ಜೋಡಿಸುವ ಪೈಪು), ಅಡ್ಡ ಬಿಗಿಗಳಿಗೆ ಹೆಚ್ಚು ಖರ್ಚು ಮಾಡಲು ಸಿದ್ಧರಿರಬೇಕು. ಹಂದರದ ದಾರವನ್ನು ಚೌಕಟ್ಟಿಗೇ ಕಟ್ಟಿ ದಪ್ಪ ಮೆಣಸಿನಕಾಯಿ, ಸೌತೆ ಹಬ್ಬಿಸುವವರು ಆ ಭಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಪೈಪಿನಲ್ಲಿ ಗಳಿಸಿದ್ದನ್ನು ಕೂಡುವೆಡೆಯಲ್ಲಿ ಕಳೆಯುವುದೇ ಹೆಚ್ಚು. ತುದಿಯನ್ನು ಸುತ್ತಿಗೆಯಿಂದ ಚಪ್ಪಟೆ ಮಾಡಿ ಒಂದು ಬೋಲ್ಟು ಹಾಕುವ ಪದ್ಧತಿ ನನಗೆ ಸೇರದು: ದುಂಡಿಗೆ ದುಡ್ಡು ಕೊಟ್ಟು ತುದಿಯಲ್ಲಿ ತಗಡು ಪಡೆದಂತಾಯಿತು. ಕ್ಲಾಂಪ್ ಹಾಕಿಸಿ. ತೂತು ಕೊರೆಯಲೇಬೇಕಾದರೆ ಕಮಾನಿನ ಬೆನ್ನಿಗಾಗಲಿ ಹೊಟ್ಟೆಗಾಗಲಿ ಬೇಡ, ಪಕ್ಕದಿಂದ ಕೊರೆಯಲಿ. ಜಗ್ಗಾಟ ಕಡಿಮೆ ಇರುವುದು ಅಲ್ಲೇ. ವೆಲ್ಡಿಂಗ್ ಮಾಡಿದಲ್ಲಿ ಸತುವಿನ ಲೇಪ ಸುಟ್ಟುಹೋಗುತ್ತದೆ, ತುಕ್ಕು ಅಲ್ಲಿಂದಲೇ ಶುರು.

ಚೌಕ ಪೈಪಿಗೂ ಜಾಗವಿದೆ: ಬಾಗಿಲ ಚೌಕಟ್ಟು, ತುದಿಗೋಡೆ. ಪ್ಲಾಸ್ಟಿಕ್ ಹಾಳೆ ಒರಗುವ ಕಡೆ ಬೇಡ. ಮೂಲೆಗೆ ಉಜ್ಜಿ ಹರಿಯುತ್ತದೆ.

ಕೊಟೇಶನ್‌ನಲ್ಲಿ ಹೊರ ವ್ಯಾಸ, ಗೋಡೆಯ ದಪ್ಪ ಎರಡನ್ನೂ ಮಿಮೀಯಲ್ಲಿ ಬರೆಸಿಕೊಳ್ಳಿ. ಲಾರಿ ಬಂದ ದಿನ ವರ್ನಿಯರ್ ಹಿಡಿದು ನೀವೇ ಅಳೆಯಿರಿ, ಇಳಿಸುವ ಮೊದಲೇ.