ಅಗಲಿದವರನ್ನು ನೆನೆಯುವ ಬಗೆ



ನವೆಂಬರ್ ತಿಂಗಳು ಹತ್ತಿರವಾದಂತೆ ನಮ್ಮ ದೇವಾಲಯಗಳಲ್ಲಿ ಒಂದು ಪೆಟ್ಟಿಗೆಯನ್ನು ಇಡುವುದು ನಿಮಗೆ ತಿಳಿದ ವಿಷಯ. ಅಗಲಿದ ಹಿರಿಯರ ಹೆಸರುಗಳನ್ನು ಚೀಟಿಯಲ್ಲಿ ಬರೆದು ಅದರಲ್ಲಿ ಹಾಕುತ್ತೀರಿ. ಸಕಲ ಮೃತರ ಸ್ಮರಣೆಯ ದಿನ ನಾವು ಅವನ್ನು ಓದಿ ಪ್ರಾರ್ಥಿಸುತ್ತೇವೆ. 2021ರ ನವೆಂಬರ್ 2ರಂದು ಹೀಗೆ ಬಂದ ಚೀಟಿಗಳನ್ನು ಬಿಡಿಸುತ್ತಿದ್ದಾಗ, ಒಂದರಲ್ಲಿ ಅಜ್ಜ ಅಜ್ಜಿಯರ ಹೆಸರುಗಳ ಕೆಳಗೆ ಮಗುವೊಂದರ ದುಂಡನೆಯ ಅಕ್ಷರಗಳಲ್ಲಿ 'ಅಪ್ಪು' ಎಂದು ಬರೆದಿತ್ತು. ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡು ಆಗ ನಾಲ್ಕೇ ದಿನಗಳಾಗಿದ್ದವು. "ಇದನ್ನು ಬಿಟ್ಟುಬಿಡೋಣವೇ ಫಾದರ್?" ಎಂದು ಉಪದೇಶಿಗಳು ಕೇಳಿದರು. ಬೇಡವೆಂದೆ. ಆ ಹೆಸರನ್ನೂ ಓದಿದೆ. ಹಿಂದಿನ ಬೆಂಚಿನಲ್ಲಿ ಯಾರೋ ಬಿಕ್ಕಿದ ಸದ್ದು ಕೇಳಿಸಿತು.

ಓದಿದ್ದು ಸರಿಯೆಂದೇ ಇಂದಿಗೂ ನನ್ನ ಅಭಿಪ್ರಾಯ. ಆದರೆ ಅಂದು ನಾವು ನಿಜವಾಗಿ ಯಾರನ್ನು ನೆನೆದೆವು ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ. ಆ ವಾರ ದೂರದರ್ಶನದ ವಾಹಿನಿಗಳಲ್ಲಿ ಕೇಳಿದ ನುಡಿನಮನಗಳನ್ನು ನೆನಪಿಸಿಕೊಳ್ಳಿ. ಸರಳತೆಯ ಸಾಕಾರಮೂರ್ತಿ, ನಗುವಿನ ಒಡೆಯ, ಕೊನೆಗೆ ದೇವರು. ಈ ಮಾತುಗಳನ್ನು ಯಾವ ನಟನ ಹೆಸರಿನ ಮುಂದೆಯಾದರೂ ಇಡಬಹುದು, ಇಟ್ಟಿದ್ದೇವೆ ಕೂಡ. ದೇವರೆಂದು ಕರೆದದ್ದನ್ನು ನಾನು ಆಕ್ಷೇಪಿಸುವುದು ಮೊದಲನೆಯ ಆಜ್ಞೆಯ ಕಾರಣದಿಂದ ಮಾತ್ರವಲ್ಲ. ದೇವರಾದವನಿಗೆ ಕಲಿಯುವ ಕಷ್ಟವಿಲ್ಲ, ಸೋಲಿಲ್ಲ, ತಪ್ಪಿಲ್ಲ. ಬಾಲ್ಯದಿಂದ ಆ ಮನುಷ್ಯ ದುಡಿದ ದುಡಿಮೆಯನ್ನೇ ಆ ಒಂದು ಪದ ಅಳಿಸಿಹಾಕುತ್ತದೆ.

ಈ ದೋಷ ನಮ್ಮಲ್ಲಿಯೂ ಇದೆ. ಅಂತ್ಯಸಂಸ್ಕಾರದ ಬಲಿಪೂಜೆಯಲ್ಲಿ ಚಿಕ್ಕ ಪ್ರಬೋಧನೆ ಇರಲಿ, ಮೃತರ ಸ್ತುತಿಭಾಷಣ ಸಲ್ಲದು ಎಂದು ಪೂಜಾಗ್ರಂಥದ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಗುರುಮಠದಲ್ಲಿ ಇದನ್ನು ಓದಿದಾಗ ಎಂಥ ಕಠಿಣ ನಿಯಮವೆಂದುಕೊಂಡಿದ್ದೆ. ಯಾಜಕನಾದ ಹೊಸತರಲ್ಲಿ ಹಿರಿಯರೊಬ್ಬರ ಅಂತ್ಯಸಂಸ್ಕಾರದಲ್ಲಿ ಅವರ ತಾಳ್ಮೆಯನ್ನೂ ಔದಾರ್ಯವನ್ನೂ ಮನಸಾರೆ ಕೊಂಡಾಡಿದೆ. ಪೂಜೆ ಮುಗಿದ ಮೇಲೆ ಅವರ ಮಗಳು ಬಂದು, "ಫಾದರ್, ನೀವು ಹೇಳಿದ್ದು ನಮ್ಮ ಅಪ್ಪನ ವಿಷಯವೇ?" ಎಂದು ಮೆಲ್ಲನೆ ಕೇಳಿದಳು. ಆ ನಿಯಮ ಮೃತರ ಮೇಲಿನ ಕರುಣೆಯಿಂದಲೇ ಬಂದದ್ದೆಂದು ಅಂದು ನನಗೆ ಹೊಳೆಯಿತು. ಆಕೆಯ ತಂದೆಯನ್ನು ನಾನು ಎರಡನೆಯ ಬಾರಿ ಹೂಳಿದ್ದೆ.

ಪುನೀತ್ ಅವರ ವಿಷಯಕ್ಕೆ ಮರಳೋಣ. ಅವರ ಮರಣಾನಂತರ ಬಂದ ಎರಡು ಚಿತ್ರಗಳು ಈ ಸಮಸ್ಯೆಯ ಎರಡು ಮುಖಗಳಂತಿವೆ. 2022ರ ಮಾರ್ಚ್ 17ರಂದು, ಅವರ ಜನ್ಮದಿನದಂದೇ, 'ಜೇಮ್ಸ್' ತೆರೆಗೆ ಬಂತು. ಧ್ವನಿ ನೀಡುವ ಮೊದಲೇ ನಾಯಕ ತೀರಿಕೊಂಡಿದ್ದರಿಂದ ಅಣ್ಣ ಶಿವರಾಜ್‌ಕುಮಾರ್ ಅವರು ತಮ್ಮನ ಪಾತ್ರಕ್ಕೆ ಧ್ವನಿಯಾದರು. ಮುಂದೆ ತಂತ್ರಜ್ಞಾನದ ನೆರವಿನಿಂದ ಪುನೀತರ ಧ್ವನಿಯನ್ನೇ ಕೂಡಿಸಿದ ಪ್ರತಿಯೂ ಬಂತು. ತಮ್ಮನ ತುಟಿಗೆ ಅಣ್ಣನ ಮಾತನ್ನು ಹೊಂದಿಸಿದ ಆ ಕೆಲಸ ಎಷ್ಟು ಭಾರವಾಗಿತ್ತೋ! ಆದರೆ ಚಿತ್ರವಾಗಿ 'ಜೇಮ್ಸ್' ಹೊಡೆದಾಟಗಳ ನಡುವೆ ಕಥೆಯನ್ನು ಹುಡುಕಬೇಕಾದ ಸಾಧಾರಣ ಕೃತಿ. ಹೀಗೆಂದು ಆಗ ಬಾಯಿಬಿಟ್ಟು ಹೇಳಿದವರು ಕಡಿಮೆ. ಆ ಮೌನವನ್ನು ನಾವು ಗೌರವವೆಂದು ಕರೆದೆವು. ನನಗೆ ಹಾಗೆನಿಸುವುದಿಲ್ಲ. ಕಲಾವಿದನ ಒಳ್ಳೆಯ ಕೆಲಸಕ್ಕೂ ಸಾಧಾರಣ ಕೆಲಸಕ್ಕೂ ಒಂದೇ ಆರತಿ ಎತ್ತಿದರೆ, ಒಳ್ಳೆಯದನ್ನು ನಾವು ಗುರುತಿಸಲೇ ಇಲ್ಲವೆಂದಾಗುತ್ತದೆ.

ಅದೇ ವರ್ಷ ಅಕ್ಟೋಬರ್ 28ರಂದು ಬಿಡುಗಡೆಯಾದ 'ಗಂಧದ ಗುಡಿ' ಬೇರೆಯೇ ಬಗೆಯದು. ಅಮೋಘವರ್ಷ ಅವರು ನಿರ್ದೇಶಿಸಿದ ಈ ಸಾಕ್ಷ್ಯಚಿತ್ರದಲ್ಲಿ ಪುನೀತ್ ಯಾವ ಪಾತ್ರವನ್ನೂ ಧರಿಸಿಲ್ಲ. ಕರ್ನಾಟಕದ ಕಾಡು, ನದಿ, ಕಡಲುಗಳಲ್ಲಿ ತಾವು ತಾವಾಗಿಯೇ ಅಲೆಯುತ್ತಾರೆ. ಹಾವೆಂದರೆ ಹೆದರುತ್ತಾರೆ. ತಿಳಿಯದ್ದನ್ನು ಜೊತೆಗಾರನನ್ನು ಕೇಳುತ್ತಾರೆ. ಚಿತ್ರದಲ್ಲಿ ಊನಗಳಿಲ್ಲವೆಂದಲ್ಲ, ಕೆಲವು ಕಡೆ ಪ್ರವಾಸೋದ್ಯಮದ ಜಾಹೀರಾತಿನಂತೆ ಹೊಳಪು ಹೆಚ್ಚಾಗಿದೆ, ಸಂಗೀತವೂ ಕಾಡನ್ನು ಸುಮ್ಮನಿರಗೊಡುವುದಿಲ್ಲ. ಆದರೂ ನೂರು ಜನರನ್ನು ಒಬ್ಬನೇ ಉರುಳಿಸುವ ನಾಯಕನನ್ನು ಕಂಡಿದ್ದ ನಮಗೆ, ಹೆದರುವ ಒಬ್ಬ ಮನುಷ್ಯನ ಪರಿಚಯವಾಗುತ್ತದೆ. ಅಗಲಿದವರ ಸ್ಮರಣೆಗೆ ಇದಕ್ಕಿಂತ ಯೋಗ್ಯವಾದ ಕಾಣಿಕೆ ಯಾವುದಿದೆ?

ಆದರೆ ನನ್ನನ್ನು ಕೇಳುವುದಾದರೆ, ಪುನೀತರನ್ನು ನೆನೆಯಲು ಇನ್ನೂ ಹಿಂದಕ್ಕೆ, 1985ಕ್ಕೆ ಹೋಗಬೇಕು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ 'ಬೆಟ್ಟದ ಹೂವು' ತೆರೆಕಂಡಾಗ ಆ ಬಾಲಕನಿಗೆ ಹತ್ತು ವರ್ಷ. ಶರ್ಲಿ ಅರೋರಾ ಅವರ ಕಾದಂಬರಿಯನ್ನು ಆಧರಿಸಿದ ಕಥೆ ಅದು. ಬಡ ಹುಡುಗ ರಾಮುವಿಗೆ ಓದಿನ ಹಂಬಲ; ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಕೊಳ್ಳಬೇಕೆಂಬ ಆಸೆ. ಬೆಟ್ಟದಲ್ಲಿ ಅಪರೂಪದ ಹೂಗಳನ್ನು ಹುಡುಕಿ ವಿದೇಶೀ ಮಹಿಳೆಯೊಬ್ಬರಿಗೆ ಕೊಟ್ಟು ಹಣ ಕೂಡಿಸುತ್ತಾನೆ. ಕೊನೆಗೆ ಆ ಹಣದಲ್ಲಿ ಪುಸ್ತಕವನ್ನಲ್ಲ, ಮನೆಯವರ ಚಳಿಗೆ ಕಂಬಳಿಯನ್ನು ಕೊಳ್ಳುತ್ತಾನೆ. ಇಲ್ಲಿ ಭಾಷಣವಿಲ್ಲ. ತ್ಯಾಗ ಎಂಬ ಪದವನ್ನು ಉಚ್ಚರಿಸದೆಯೇ ಆ ಹುಡುಗ ಅದನ್ನು ಮುಖದಲ್ಲಿ ತೋರಿಸುತ್ತಾನೆ. ಅತ್ಯುತ್ತಮ ಬಾಲನಟನ ರಾಷ್ಟ್ರಪ್ರಶಸ್ತಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. 2022ರ ಬೇಸಿಗೆ ಶಿಬಿರದಲ್ಲಿ ನಮ್ಮ ಧರ್ಮೋಪದೇಶದ ಮಕ್ಕಳಿಗೆ ಈ ಚಿತ್ರವನ್ನು ತೋರಿಸಿದೆ. ಮೊದಲು ಫೈಟ್ ಇಲ್ಲವೆಂದು ಗೊಣಗಿದರು, ಆಮೇಲೆ ಸುಮ್ಮನಾದರು. ಮುಗಿದ ಮೇಲೆ ಒಬ್ಬ ಹುಡುಗ ನನ್ನ ಬಳಿ ಬಂದು ಕೇಳಿದ್ದು ಒಂದೇ ಪ್ರಶ್ನೆ: "ಅವನು ಪುಸ್ತಕ ಯಾವಾಗ ತಗೋತಾನೆ ಫಾದರ್?"

ದುಃಖವೂ ಕೆಲವೊಮ್ಮೆ ದಾರಿ ತಪ್ಪುತ್ತದೆ. 2006ರ ಏಪ್ರಿಲ್ 12ರಂದು ಡಾ. ರಾಜ್‌ಕುಮಾರ್ ನಿಧನರಾದಾಗ ಬೆಂಗಳೂರಿನಲ್ಲಿ ಗಲಭೆಯೆದ್ದು ಒಬ್ಬ ಪೊಲೀಸ್ ಪೇದೆಯೂ ಸೇರಿ ಜನರು ಪ್ರಾಣ ಕಳೆದುಕೊಂಡರು. 2021ರಲ್ಲಿ ಲಕ್ಷಾಂತರ ಮಂದಿ ಕಂಠೀರವ ಕ್ರೀಡಾಂಗಣದಲ್ಲಿ ಸಾಲುಗಟ್ಟಿ ದರ್ಶನ ಪಡೆದರು, ಅಕ್ಟೋಬರ್ 31ರ ಮುಂಜಾನೆ ಅಂತ್ಯಕ್ರಿಯೆ ಶಾಂತವಾಗಿ ನೆರವೇರಿತು. ಹದಿನೈದು ವರ್ಷಗಳಲ್ಲಿ ನಾವು ಕಲಿತದ್ದು ಅಲ್ಪವಲ್ಲ. ಆದರೂ ಕೆಲವು ಅಭಿಮಾನಿಗಳು ತಮ್ಮ ಜೀವವನ್ನೇ ಕಳೆದುಕೊಂಡರೆಂಬ ಸುದ್ದಿ ಬಂದಾಗ, ದೇವರೆಂಬ ಆ ಪದ ಎಳೆಯ ಮನಸ್ಸುಗಳಿಗೆ ಎಷ್ಟು ಭಾರವೆಂದು ಅರಿವಾಯಿತು.

ತಂದೆ ಮಗ ಇಬ್ಬರೂ ಕಣ್ಣುಗಳನ್ನು ದಾನಮಾಡಿ ಹೋದವರು. ಪುನೀತರ ಒಂದೊಂದು ಕಾರ್ನಿಯಾವನ್ನೂ ಮುಂಪದರ, ಹಿಂಪದರವೆಂದು ಬೇರ್ಪಡಿಸಿ, ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ನಾಲ್ವರಿಗೆ ದೃಷ್ಟಿ ತಂದರು. ಆ ನಾಲ್ವರಲ್ಲಿ ಯಾರಾದರೂ 'ಬೆಟ್ಟದ ಹೂವು' ನೋಡಿದ್ದಾರೆಯೇ ಎಂದು ನಾನು ಆಗಾಗ ಯೋಚಿಸುವುದುಂಟು.

ಹೆಸರಾದವರ ವಿಷಯ ಹೀಗಾದರೆ, ಹೆಸರು ಮರೆತವರ ವಿಷಯವೇನು? 2025ರ ಅಕ್ಟೋಬರ್ 31ರಂದು ಬೆಂಗಳೂರಿನಲ್ಲಿ ಮ್ಯಾನುಯಲ್ ಫ್ರೆಡರಿಕ್ ತೀರಿಕೊಂಡರು. ಕೇರಳದ ಕಣ್ಣೂರಿನಲ್ಲಿ ಹುಟ್ಟಿ, ಸೇನೆಯ ತಂಡದಲ್ಲಿ ಹಾಕಿ ಆಡಿ, ದಶಕಗಳ ಕಾಲ ಬೆಂಗಳೂರಿನಲ್ಲೇ ನೆಲೆಸಿದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದ ಭಾರತ ತಂಡದ ಗೋಲ್‌ಕೀಪರ್. ಕೊಡಗಿನ ಬಿ.ಪಿ. ಗೋವಿಂದ, ಎಂ.ಪಿ. ಗಣೇಶ್ ಅದೇ ತಂಡದಲ್ಲಿದ್ದರು. ಇಂದಿನ ಗೋಲ್‌ಕೀಪರ್‌ಗಳಿಗಿರುವಂಥ ಶಿರಸ್ತ್ರಾಣವಿಲ್ಲದ ಕಾಲವದು; ವೇಗವಾಗಿ ಬರುವ ಚೆಂಡಿಗೆ ಮೈಯೊಡ್ಡಿ ನಿಲ್ಲಬೇಕಿತ್ತು. ಧ್ಯಾನ್‌ಚಂದ್ ಪ್ರಶಸ್ತಿ ಅವರ ಮನೆಯ ಬಾಗಿಲಿಗೆ ಬಂದದ್ದು 2019ರಲ್ಲಿ, ಪದಕ ಗೆದ್ದ 47 ವರ್ಷಗಳ ನಂತರ! ನಟನ ಹಳೆಯ ಚಿತ್ರವನ್ನು ಮತ್ತೆ ನೋಡಬಹುದು. ಗೋಲ್‌ಕೀಪರ್ ತಡೆದ ಗೋಲುಗಳು ಅಂಕಪಟ್ಟಿಯಲ್ಲಿಯೂ ಇರುವುದಿಲ್ಲ. ಅವರನ್ನು ನೆನೆಯಬೇಕಾದರೆ ಯಾರಾದರೂ ಹೇಳಲೇಬೇಕು.

ಅವರು ತೀರಿಕೊಂಡ ಎರಡು ದಿನಗಳಿಗೆ ಸಕಲ ಮೃತರ ಸ್ಮರಣೆ, ಅಂದು ಭಾನುವಾರವೂ ಹೌದು. ಪೆಟ್ಟಿಗೆಯ ಚೀಟಿಗಳನ್ನೆಲ್ಲ ಬಿಡಿಸಿದೆ. 'ಅಪ್ಪು' ಈ ಬಾರಿಯೂ ಇದ್ದರು. ಫ್ರೆಡರಿಕ್ ಇರಲಿಲ್ಲ. ನಾನೇ ಒಂದು ಚೀಟಿಯಲ್ಲಿ ಬರೆದು ಸೇರಿಸಿದೆ. ಪೂಜೆಯ ನಂತರ ಇಬ್ಬರು ಬಂದು, "ಫಾದರ್, ಆ ಹೆಸರು ಯಾವ ಮನೆಯವರದು?" ಎಂದು ಕೇಳಿದರು. ಮ್ಯೂನಿಕ್‌ನಿಂದ ಆರಂಭಿಸಿ ಹೇಳಬೇಕಾಯಿತು, ಕಾಫಿ ತಣ್ಣಗಾಯಿತು.